ಸದ್ದು ಮಾಡದ ಪೆಟ್ಟಿಗೆ

ಕಟ್ಟಿ ಮುಗಿಸಿದ ರಟ್ಟಿನ ಪೆಟ್ಟಿಗೆಯನ್ನು ಎರಡೂ ಕೈಯಲ್ಲಿ ಹಿಡಿದು ಮೆಲ್ಲಗೆ ಅಲ್ಲಾಡಿಸಿದರೆ ಒಳಗಿನಿಂದ ಏನೂ ಕೇಳಿಸಬಾರದು. ಮನೆ ಬದಲಿಸುವ ಕೆಲಸದಲ್ಲಿ ನನಗೆ ಎಲ್ಲಕ್ಕಿಂತ ಖುಷಿ ಕೊಡುವ ಗಳಿಗೆ ಅದು. ಲೋಟ, ತಟ್ಟೆ ಒಡೆಯಲು ಕೆಳಗೆ ಬೀಳಬೇಕೆಂದಿಲ್ಲ, ಪಕ್ಕದಲ್ಲಿ ಬೆರಳಗಲದ ಸಂದು ಉಳಿದರೂ ಸಾಕು. ರಸ್ತೆಯ ಪ್ರತಿ ಹಳ್ಳಕ್ಕೂ ಆ ಸಂದಿನಲ್ಲಿ ಓಡಾಡಿ ಒಂದಕ್ಕೊಂದು ತಾಗುತ್ತವೆ. ಸಂದು ತುಂಬಲು ಬಲ್ಲವರಿಗೆ ಸಾಮಾನು ಕಟ್ಟುವ ವಿದ್ಯೆ ಅರ್ಧ ಬಂದಂತೆಯೇ.

ಉಳಿದರ್ಧವನ್ನು ನನಗೆ ಕಲಿಸಿದ್ದು ದಸರಾ ಗೊಂಬೆಗಳು. ಹಳೇ ಮೈಸೂರು ಕಡೆ ಹಬ್ಬ ಮುಗಿದ ಮೇಲೆ ಗೊಂಬೆಗಳೆಲ್ಲ ಮತ್ತೆ ಟ್ರಂಕು ಸೇರುತ್ತವೆ. ಪಟ್ಟದ ಗೊಂಬೆ ಮರದ್ದು, ಹಳೇ ಪಂಚೆಯ ಒಂದು ಸುತ್ತು ಸಾಕು. ಮಣ್ಣಿನ ಗೊಂಬೆಯನ್ನು ಕೈಗೆತ್ತಿಕೊಂಡರೆ ಅಮ್ಮ ಮೊದಲು ನೋಡುತ್ತಿದ್ದದ್ದು ಅದರ ಕತ್ತು, ಮೂಗು, ಚಾಚಿದ ಕೈ. ಅಲ್ಲಿಗೆಲ್ಲ ಹತ್ತಿ ಇಟ್ಟು, ಆಮೇಲೆ ಮೈಗೆ ನೂಲಿನ ಸೀರೆಯ ತುಂಡು ಸುತ್ತುತ್ತಿದ್ದಳು. ಯಾವುದು ಎಲ್ಲಿ ಮುರಿಯುತ್ತದೆಂದು ಗೊತ್ತಿದ್ದರೆ ಅದನ್ನು ಹೇಗೆ ಕಟ್ಟಬೇಕೆಂಬುದು ತಾನಾಗಿ ಹೊಳೆಯುತ್ತದೆ.

ಅಡುಗೆಮನೆಗೆ ಬಂದರೆ ಈ ಮಾತಿನ ಸೊಗಸು ತಿಳಿಯುತ್ತದೆ. ಪಿಂಗಾಣಿ ತಟ್ಟೆಗಳನ್ನು ಒಂದರ ಮೇಲೊಂದು ಮಲಗಿಸಿದರೆ ಭಾರವೆಲ್ಲ ತಳದ ತಟ್ಟೆಯ ಮೇಲೆ. ಅದಕ್ಕೇ ಒಂದೊಂದನ್ನೂ ಸುತ್ತಿ, ಕಪಾಟಿನ ಪುಸ್ತಕಗಳ ಹಾಗೆ ಅಂಚಿನ ಮೇಲೆ ನಿಲ್ಲಿಸುತ್ತೇನೆ. ಗಾಜಿನ ಲೋಟದ ಹೊಟ್ಟೆಗೆ ಮೊದಲು ಕಾಗದ ತುರುಕಬೇಕು, ಸುತ್ತುವುದು ಆಮೇಲೆ. ಉಪ್ಪಿನಕಾಯಿ ಭರಣಿಯ ಬಾಯಿಗೆ ಪ್ಲಾಸ್ಟಿಕ್ ಹಾಳೆ, ಮೇಲೆ ಮುಚ್ಚಳ, ಅದರ ಮೇಲೆ ಬಟ್ಟೆ ಬಿಗಿದು ದಾರದ ಗಂಟು. ಗ್ರೈಂಡರಿನ ಕಲ್ಲುಗಳನ್ನು ಹೊರತೆಗೆದು ಬೇರೆಯೇ ಗೋಣಿಚೀಲದಲ್ಲಿ ಸುತ್ತಿಡಬೇಕು. ಇಷ್ಟಕ್ಕೂ ಬೇಕಾದ ಮೆತ್ತೆ ಮನೆಯಲ್ಲೇ ಇರುತ್ತದೆ. ಟವೆಲು, ಬೆಡ್‌ಶೀಟು, ಸ್ವೆಟರು, ದಿಂಬಿನ ಕವರು ಹೇಗೂ ಹೊಸ ಮನೆಗೆ ಹೋಗಲೇಬೇಕಲ್ಲ, ಗಾಜನ್ನು ಅಪ್ಪಿಕೊಂಡೇ ಹೋಗಲಿ.

ಪುಸ್ತಕಗಳಿಗೆ ಸಣ್ಣ ಪೆಟ್ಟಿಗೆಯೇ ಸರಿ, ದೊಡ್ಡದರಲ್ಲಿ ತುಂಬಿದರೆ ಎತ್ತುವಾಗ ತಳ ಕಿತ್ತು ಬರುತ್ತದೆ. ಮಂಚ ಬಿಚ್ಚಿದಾಗ ಅದರ ಸ್ಕ್ರೂಗಳನ್ನು ಚೀಲದಲ್ಲಿ ಹಾಕಿ ಅದೇ ಮಂಚದ ಪಟ್ಟಿಗೆ ಕಟ್ಟುತ್ತೇನೆ. ಫ್ರಿಜ್ಜು ನಿಂತೇ ಪ್ರಯಾಣ ಮಾಡಬೇಕು. ಮಲಗಿಸಿದರೆ ಕಂಪ್ರೆಸರಿನ ಎಣ್ಣೆ ಕೊಳವೆಗಳಿಗೆ ಹರಿಯುತ್ತದೆ, ಆಮೇಲೆ ಕೆಲವು ಗಂಟೆ ನಿಲ್ಲಿಸಿಡದೆ ಸ್ವಿಚ್ ಹಾಕುವಂತಿಲ್ಲ. 2005ರಲ್ಲಿ ಟಾಟಾ ಏಸ್ ಬಂದ ಮೇಲೆ ಬೆಂಗಳೂರಿನ ಇಕ್ಕಟ್ಟಿನ ಗಲ್ಲಿಗೂ ಲಗೇಜು ಗಾಡಿ ಬರುವುದು ಸುಲಭವಾಯಿತು. ಅದರಲ್ಲೂ ಪೆಟ್ಟಿಗೆಯದೇ ನಿಯಮ: ಭಾರದ್ದು ಕೆಳಗೆ, ಡ್ರೈವರ್ ಕ್ಯಾಬಿನ್ನಿಗೆ ಒತ್ತಿಕೊಂಡು, ಬೀರುವಿಗೂ ಫ್ರಿಜ್ಜಿಗೂ ನಡುವೆ ಹಾಸಿಗೆ, ಮೂಲೆಗಳಿಗೆ ಬಟ್ಟೆಗಂಟು, ಕೊನೆಗೆ ಒಂದು ಸುತ್ತು ಹಗ್ಗ.

ಕಟ್ಟಕಡೆಗೆ ಏರಿ ಮೊದಲು ಇಳಿಯುವ ಪೆಟ್ಟಿಗೆಯೊಂದಿದೆ. ಹಾಲುಕ್ಕಿಸುವ ಪಾತ್ರೆ, ದೀಪ, ಬೆಂಕಿಪೊಟ್ಟಣ, ಕಾಫಿಪುಡಿ, ಫಿಲ್ಟರು, ಸಕ್ಕರೆ, ನಾಲ್ಕು ಲೋಟ ಅದರಲ್ಲಿರುತ್ತವೆ.

ದುಡ್ಡು ಕೊಟ್ಟರೆ ಇದನ್ನೆಲ್ಲ ಒಂದೇ ದಿನದಲ್ಲಿ ಕಟ್ಟಿಕೊಡುವವರಿದ್ದಾರೆ. ಕೈಲಾಗುವವರೆಗೂ ನಾನೇ ಕಟ್ಟುತ್ತೇನೆ. ದಿನವೂ ಬಳಸುವ ವಸ್ತುಗಳನ್ನು ಒಂದೊಂದಾಗಿ ಕೈಯಲ್ಲಿ ಹಿಡಿದು, ಯಾವುದಕ್ಕೆ ಎಲ್ಲಿ ನೋವಾದೀತೆಂದು ಯೋಚಿಸುವ ಪುರುಸೊತ್ತು ಸಂಸಾರದಲ್ಲಿ ಬೇರೆ ಯಾವಾಗ ಸಿಗುತ್ತದೆ? ಹಾಗೆ ಯೋಚಿಸಿ ಕಟ್ಟಿದವರಿಗೆ ತಮ್ಮ ಮನೆಯಲ್ಲಿ ಏನಿದೆ, ಯಾವುದು ಬೇಕು, ಯಾವುದು ಸಾಕು ಎಂಬುದು ಚೆನ್ನಾಗಿ ಗೊತ್ತಿರುತ್ತದೆ.