ಕೈಪಂಪು ಮತ್ತು ಹಸಿರು ಬಟನ್

ಮಳೆಗಾಲ ಶುರುವಾಯ್ತು ಅಂದರೆ ಅಕ್ಕನ ಮನೆಯಲ್ಲಿ ಮೊಬೈಲ್ ಸಿಗ್ನಲ್ ಸಿಗಬೇಕಾದರೆ ತೋಟದ ಮೇಲಿನ ಧರೆ ಹತ್ತಬೇಕು. ಹತ್ತಿದರೂ ಎರಡೇ ಕಡ್ಡಿ. ಹೋದ ವರ್ಷ ಜೂನ್‌ನಲ್ಲಿ ಅಕ್ಕ ಅಲ್ಲಿ ಕೊಡೆ ಹಿಡಿದು ನಿಂತಿದ್ದಳು, ಅವಳ ಮಗಳು ಕೊಡೆಯಡಿ ಕೂತು ಹಾಸ್ಟೆಲ್ ಸೀಟಿಗೆ ಅರ್ಜಿ ತುಂಬುತ್ತಿದ್ದಳು. ಪಿಯುಸಿಗೆ ಪೇಟೆ ಸೇರಬೇಕು, ದಿನಾ ಓಡಾಡೋಣ ಅಂದರೆ ಹೊತ್ತಿಗೆ ಸರಿಯಾದ ಬಸ್ಸಿಲ್ಲ. ಹಾಸ್ಟೆಲ್ ಸಿಕ್ಕರೆ ಕಾಲೇಜು, ಇಲ್ಲದಿದ್ದರೆ ಒಂದು ವರ್ಷ ಮನೆ.

ಎಲ್ಲ ತುಂಬಿ 'ಸಲ್ಲಿಸಿ' ಒತ್ತಿದಳು. ಚಕ್ರ ತಿರುಗಿತು, ತಿರುಗಿತು, ತಿರುಗುತ್ತಲೇ ಇತ್ತು. ಮತ್ತೆ ಒತ್ತಿದಳು. ಮೂರನೇ ಸಲಕ್ಕೆ ಅರ್ಜಿ ತಲುಪಿದೆ ಅಂತ ಬಂತು. ಇಬ್ಬರೂ ಖುಷಿಯಾಗಿ ಧರೆ ಇಳಿದು ಬಂದು ಕಾಫಿ ಕುಡಿದರು.

ಹತ್ತು ದಿನ ಬಿಟ್ಟು ಪಟ್ಟಿ ಬಂತು. ಆಯ್ಕೆಯಾದವರಲ್ಲಿ ಅವಳ ಹೆಸರಿಲ್ಲ. ತಿರಸ್ಕೃತ ಪಟ್ಟಿಯಲ್ಲಿ ಮಾತ್ರ ಮೂರು ಕಡೆ ಇತ್ತು. ಕಾರಣ: ಒಂದಕ್ಕಿಂತ ಹೆಚ್ಚು ಅರ್ಜಿ.

ಅಕ್ಕ ಫೋನ್ ಮಾಡಿದಾಗ ನಾನು ಆಫೀಸಿನ ಬಸ್ಸಲ್ಲಿದ್ದೆ. "ನಾವು ಹಾಕಿದ್ದು ಒಂದೇ ಅರ್ಜಿ ಮಾರಾಯ. ಉಳಿದ ಎರಡು ವಾಪಸ್ ತಗಳನ ಅಂದ್ರೆ ಅದ್ರಲ್ಲಿ ಬಟನ್ನೇ ಇಲ್ಲ. ನೀನು ಬೆಂಗ್ಳೂರಲ್ಲಿ ಮಾಡೋದೂ ಇದೇ ಕೆಲ್ಸ ಅಲ್ದಾ? ಕೊಡಕ್ಕೆ ಬಟನ್ ಇಡ್ತೀರಿ, ವಾಪಸ್ ತಗಳಕ್ಕೆ ಇಡಲ್ಲ. ಯಾಕೆ?"

ಬಸ್ಸಿನಲ್ಲಿ ನನಗೆ ಉತ್ತರ ಹೊಳೆಯಲಿಲ್ಲ. 'ನೋಡ್ತೀನಿ ಇರು' ಅಂದು ಫೋನ್ ಇಟ್ಟೆ. ಅವತ್ತು ಹೇಳಬೇಕಿದ್ದ ಉತ್ತರವನ್ನು ಈಗ ಬರೆಯುತ್ತಿದ್ದೇನೆ.

ಬ್ರೌಸರ್ ಸರ್ವರಿನ ಹತ್ತಿರ ಮಾತಾಡುವ ಭಾಷೆಯ ಹೆಸರು ಎಚ್‌ಟಿಟಿಪಿ. ಅದರಲ್ಲಿ ಕ್ರಿಯಾಪದಗಳಿವೆ. 'ಗೆಟ್' ಅಂದರೆ ತೋರಿಸು. 'ಪೋಸ್ಟ್' ಅಂದರೆ ಇದನ್ನು ತಗೋ, ಏನು ಮಾಡಬೇಕೋ ಮಾಡು. 'ಪುಟ್' ಅಂದರೆ ಈ ವಿಳಾಸದಲ್ಲಿ ಇದನ್ನೇ ಇಡು. 'ಡಿಲೀಟ್' ಅಂದರೆ ಅಲ್ಲಿರುವುದನ್ನು ತೆಗೆ. ಪುಟ್, ಡಿಲೀಟ್ ಎರಡೂ 1997ರ ಎಚ್‌ಟಿಟಿಪಿ 1.1 ನಿಯಮದಲ್ಲೇ ಇವೆ. ಸ್ವಲ್ಪ ಮಾತ್ರ ತಿದ್ದು ಅನ್ನುವ 'ಪ್ಯಾಚ್' 2010ರಲ್ಲಿ ಬಂತು.

ಭಾಷೆಗೆ ಇಷ್ಟೆಲ್ಲ ಬರುತ್ತದೆ. ಆದರೆ ವೆಬ್ ಪುಟದ ಫಾರಂಗೆ ಬರುವುದು ಎರಡೇ: ಗೆಟ್ ಮತ್ತು ಪೋಸ್ಟ್. 1995ರ ಎಚ್‌ಟಿಎಂಎಲ್ 2.0ದಲ್ಲೂ ಅವೆರಡೇ ಇದ್ದವು, ಈಗಲೂ ಅಷ್ಟೇ. ನಡುವೆ 'ಡೈಲಾಗ್' ಅಂತ ಮೂರನೆಯದೊಂದು ಸೇರಿದೆ ನಿಜ, ಆದರೆ ಅದು ಪುಟದೊಳಗಿನ ಪುಟ್ಟ ಕಿಟಕಿ ಮುಚ್ಚುವುದಕ್ಕೆ. ಸರ್ವರ್ ತನಕ ಹೋಗುವುದೇ ಇಲ್ಲ.

ಇದು ನನಗೆ ಗೊತ್ತಾಗಿದ್ದು ಬಿಇ ಮುಗಿಸಿ ಕೆಲಸಕ್ಕೆ ಸೇರಿದ ಮೊದಲ ವರ್ಷ. ಫಾರಂನ ಮೆಥಡ್ ಜಾಗದಲ್ಲಿ 'ಡಿಲೀಟ್' ಅಂತ ಬರೆದೆ. ಒತ್ತಿದರೆ ಏನೂ ಅಳಿಯಲಿಲ್ಲ, ತಪ್ಪು ಅಂತಲೂ ಹೇಳಲಿಲ್ಲ. ರಾತ್ರಿ ಹನ್ನೊಂದರ ತನಕ ತಲೆ ಕೆರೆದುಕೊಂಡ ಮೇಲೆ ಗೊತ್ತಾಯ್ತು: ಅರ್ಥವಾಗದ ಪದ ಕಂಡರೆ ಬ್ರೌಸರ್ ಅದನ್ನು ಸುಮ್ಮನೆ ಗೆಟ್ ಅಂದುಕೊಳ್ಳುತ್ತದೆ. ನಾನು 'ತೆಗೆ' ಅಂತಿದ್ದೆ, ಅದು ಹೋಗಿ 'ತೋರಿಸು' ಅಂತಿತ್ತು.

ಹಾಗಾದರೆ ಇಷ್ಟು ವರ್ಷ ನಾವು ಹೇಗೆ ಸುಧಾರಿಸಿದೆವು ಅಂತೀರಾ? ಕಳ್ಳದಾರಿಯಲ್ಲಿ. ಲಕೋಟೆ ಮೇಲೆ 'ಪೋಸ್ಟ್' ಅಂತ ಬರೆದು, ಒಳಗೊಂದು ಗುಟ್ಟಿನ ಚೀಟಿ ಇಡುವುದು: 'ಇದನ್ನು ಡಿಲೀಟ್ ಅಂತ ಓದಿಕೊಳ್ಳಿ.' ರೈಲ್ಸ್, ಲಾರಾವೆಲ್ ಎಲ್ಲ ಈ ಚೀಟಿಯಿಂದಲೇ ಕೆಲಸ ಸಾಗಿಸುತ್ತವೆ. ಇನ್ನೊಂದು ದಾರಿ ಜಾವಾಸ್ಕ್ರಿಪ್ಟ್. ಅದಕ್ಕೆ ಪುಟ್, ಡಿಲೀಟ್ ಎಲ್ಲ ಬರುತ್ತದೆ. ಆದರೆ ಆ ಸ್ಕ್ರಿಪ್ಟು ಮೊದಲು ಧರೆ ಮೇಲಿನ ಎರಡು ಕಡ್ಡಿಯಲ್ಲಿ ಪೂರ್ತಿ ಇಳಿದು ಬರಬೇಕಲ್ಲ.

ಇದೇನು ಪದಗಳ ಜಗಳ, ಯಾವ ಪದವಾದರೇನು ಅನ್ನಿಸಬಹುದು. ಊರಿನ ಲೆಕ್ಕದಲ್ಲಿ ಹೇಳುತ್ತೇನೆ. ಪೋಸ್ಟ್ ಅಂದರೆ ಕೈಪಂಪು. ಮೂರು ಸಲ ಒತ್ತಿದರೆ ಮೂರು ಸಲ ನೀರು. ಪುಟ್ ಅಂದರೆ ತೋಟದ ಪಂಪ್‌ಸೆಟ್ಟಿನ ಸ್ಟಾರ್ಟರಿನಲ್ಲಿರುವ ಹಸಿರು ಬಟನ್. ಮೂರು ಸಲ ಒತ್ತಿ, ಮೂವತ್ತು ಸಲ ಒತ್ತಿ, ಓಡುವುದು ಒಂದೇ ಮೋಟರ್. ಡಿಲೀಟ್ ಕೆಂಪು ಬಟನ್. ನಿಂತ ಮೋಟರನ್ನು ಮತ್ತೆ ನಿಲ್ಲಿಸಿದರೆ ನಷ್ಟವೇನಿಲ್ಲ. ಅದಕ್ಕೇ ಸಂಪರ್ಕ ಕಡಿದುಹೋದರೆ ಪುಟ್, ಡಿಲೀಟ್ ಕೋರಿಕೆಗಳನ್ನು ತಾನಾಗಿಯೇ ಮತ್ತೆ ಕಳಿಸಬಹುದು ಅಂತ ಎಚ್‌ಟಿಟಿಪಿ ನಿಯಮವೇ ಹೇಳುತ್ತದೆ. ಪೋಸ್ಟ್‌ಗೆ ಆ ಧೈರ್ಯವಿಲ್ಲ. ಪುಟ ರಿಫ್ರೆಶ್ ಮಾಡಿದರೆ ಬ್ರೌಸರ್ 'ಫಾರಂ ಮತ್ತೆ ಕಳಿಸಲಾ?' ಅಂತ ಹೆದರಿ ಕೇಳುತ್ತದಲ್ಲ, ಅದು ಇದಕ್ಕೇ.

ಧರೆ ಮೇಲೆ ಆಗಿದ್ದೂ ಇದೇ ಇರಬೇಕು. ಹುಡುಗಿಯ ಅರ್ಜಿ ಮೊದಲ ಸಲವೇ ಹೋಗಿ ಮುಟ್ಟಿತ್ತು. ವಾಪಸ್ ಬರಬೇಕಾದ ಉತ್ತರಕ್ಕೆ ಧರೆ ಹತ್ತಲು ಆಗಲಿಲ್ಲ. ಅವಳು ಹಸಿರು ಬಟನ್ ಅಂದುಕೊಂಡು ಒತ್ತಿದ್ದು ಕೈಪಂಪನ್ನು.

ಫಾರಂಗೆ ಉಳಿದ ಕ್ರಿಯಾಪದ ಕಲಿಸಲು ಯಾರೂ ನೋಡಲಿಲ್ಲ ಅಂತಲ್ಲ. ಎಚ್‌ಟಿಎಂಎಲ್5ರ ಕರಡಿನಲ್ಲಿ ಒಂದಷ್ಟು ಕಾಲ ಪುಟ್, ಡಿಲೀಟ್ ಇದ್ದವು. ಫೈರ್‌ಫಾಕ್ಸ್ 4ರ ಬೀಟಾದಲ್ಲಿ ಬಂದೂ ಇದ್ದವು, ಆಮೇಲೆ ತೆಗೆದರು. ಈಚೆಗೆ ಅಲೆಕ್ಸಾಂಡರ್ ಪೆಟ್ರೋಸ್ ಮತ್ತು ಎಚ್‌ಟಿಎಂಎಕ್ಸ್ ಬರೆದ ಕಾರ್ಸನ್ ಗ್ರಾಸ್ 'ಟ್ರಿಪ್ಟಿಕ್' ಅನ್ನುವ ಹೆಸರಿನಲ್ಲಿ ಮತ್ತೆ ಇದನ್ನೇ ಕೇಳುತ್ತಿದ್ದಾರೆ: ಫಾರಂಗೆ ಪುಟ್, ಪ್ಯಾಚ್, ಡಿಲೀಟ್ ಕೊಡಿ.

ಬೇಡ ಅನ್ನುವವರ ಮಾತಿನಲ್ಲೂ ಹುರುಳಿದೆ. ಬೇರೆ ಯಾವುದೋ ಸೈಟಿನ ಫಾರಂ ನಿಮ್ಮ ಬ್ಯಾಂಕಿನ ಸರ್ವರಿಗೆ ಪೋಸ್ಟ್ ಕಳಿಸಬಹುದು ಅನ್ನುವುದೇ ಹಳೆಯ ತಲೆನೋವು. ಪುಟ್, ಡಿಲೀಟ್ ಹಾಗೆ ನುಗ್ಗುವುದಿಲ್ಲ. ಬ್ರೌಸರ್ ಮೊದಲು ಆ ಸರ್ವರನ್ನು 'ಬರಬಹುದಾ?' ಅಂತ ಕೇಳಿಕೊಂಡೇ ಹೋಗುತ್ತದೆ. ಆ ಕಾವಲನ್ನೇ ನಂಬಿಕೊಂಡ ಸರ್ವರುಗಳು ಇರಬಹುದು. ಕೇಳದೆ ಬಾಗಿಲು ತೆಗೆದರೆ ಅವುಗಳ ಗತಿ? ಹೊಸ ಪದ ಕೊಡುವುದಾದರೆ ಈ ಕಾವಲನ್ನು ಉಳಿಸಿಕೊಂಡೇ ಕೊಡಬೇಕು.

ಇಷ್ಟು ಹೇಳಿ ಎಲ್ಲ ತಪ್ಪನ್ನೂ ಬ್ರೌಸರಿನ ತಲೆಗೆ ಕಟ್ಟಿದರೆ ನಾನು ಸುಳ್ಳು ಹೇಳಿದ ಹಾಗೆ. ಪುಟ್ ಇದ್ದರೂ ಇಡುವುದಕ್ಕೊಂದು ವಿಳಾಸ ಬೇಕು, ಅಂದರೆ ಅರ್ಜಿಗೆ ಮೊದಲೇ ಒಂದು ನಂಬರ್ ಕೊಟ್ಟಿರಬೇಕು. ಹಿಂದೆ ಅಪ್ಪ ದುಡ್ಡು ಕೊಟ್ಟು ತರುತ್ತಿದ್ದ ಅರ್ಜಿ ಫಾರಂ ಮೇಲೆ ನಂಬರ್ ಅಚ್ಚಾಗಿಯೇ ಬರುತ್ತಿತ್ತು ನೋಡಿ, ಹಾಗೆ. ಹಾಗೆ ನಂಬರ್ ಕೊಟ್ಟಿದ್ದರೆ ಪೋಸ್ಟ್‌ನಲ್ಲೂ ಮೂರು ಅರ್ಜಿ ಒಂದೇ ಅಂತ ಸರ್ವರಿಗೆ ತಿಳಿಯುವ ಹಾಗೆ ಮಾಡಬಹುದಿತ್ತು. ಅದನ್ನು ಬರೆದವರು ಮಾಡಲಿಲ್ಲ.

'ಬರೆದವರು' ಅಂತ ಸುಲಭವಾಗಿ ಹೇಳಿಬಿಟ್ಟೆ. ಐದು ವರ್ಷದ ಹಿಂದೆ ನಾನೂ ಇಂಥದ್ದೇ ಒಂದು ಅರ್ಜಿಯ ಫಾರಂ ಬರೆದಿದ್ದೆ. 'ಅರ್ಜಿ ಹಿಂಪಡೆಯಿರಿ' ಅನ್ನುವ ಬಟನ್ ಪಟ್ಟಿಯಲ್ಲಿತ್ತು. ಟೈಮಿಲ್ಲ, ಎರಡನೇ ಹಂತದಲ್ಲಿ ಮಾಡೋಣ ಅಂದವನು ನಾನೇ. ಎರಡನೇ ಹಂತ ಬರಲೇ ಇಲ್ಲ. ನಮ್ಮ ಆಫೀಸಿನ ನೆಟ್‌ವರ್ಕಿನಲ್ಲಿ ಎಲ್ಲವೂ ಒಂದೇ ಒತ್ತಿಗೆ ಹೋಗುತ್ತಿತ್ತು, ಹಾಗಾಗಿ ಯಾರಿಗೂ ನೆನಪೂ ಆಗಲಿಲ್ಲ. ಆ ಫಾರಂನಲ್ಲಿ ಯಾವ ಧರೆಯ ಮೇಲೆ ಯಾರು ಎಷ್ಟು ಸಲ ಒತ್ತಿದರೋ.

ಅಕ್ಕನ ಮಗಳ ಕತೆ ಹೇಳಿ ಮುಗಿಸುತ್ತೇನೆ. ಬಾವ ಒಂದು ಬಿಳಿ ಹಾಳೆಯಲ್ಲಿ ಅರ್ಜಿ ಬರೆಸಿಕೊಂಡು ಆ ಕಚೇರಿಗೇ ಹೋದರು. ಎರಡು ಸಲ ಸಾಹೇಬರು ಸಿಗಲಿಲ್ಲ. ಮೂರನೇ ಸಲ ಒಬ್ಬ ಕ್ಲರ್ಕು ಮೂರೂ ಅರ್ಜಿಯ ಪ್ರಿಂಟ್ ತೆಗೆದು, ಎರಡರ ಮೇಲೆ ಅಡ್ಡಗೆರೆ ಎಳೆದು, 'ರದ್ದು' ಅಂತ ಬರೆದು ಸಹಿ ಹಾಕಿದರಂತೆ. ಎರಡನೇ ಪಟ್ಟಿಯಲ್ಲಿ ಹುಡುಗಿಗೆ ಸೀಟು ಸಿಕ್ಕಿತು. ಅಷ್ಟರಲ್ಲಿ ಕಾಲೇಜು ಶುರುವಾಗಿ ಮೂರು ವಾರ ಕಳೆದಿತ್ತು. ಮೂರು ಸಲದ ಬಸ್ ಚಾರ್ಜು, ಮೂರು ದಿನದ ತೋಟದ ಕೆಲಸ ಬೇರೆ.

"ಪೆನ್ನಲ್ಲಿ ಒಂದು ಗೆರೆ ಎಳೆಯೋ ಕೆಲ್ಸ ಅಷ್ಟೇ ಆಗಿತ್ತು ಮಾರಾಯ" ಅಂದಳು ಅಕ್ಕ.

ಮುಂದಿನ ಸೋಮವಾರ ಆಫೀಸಿಗೆ ಹೋಗಿ ಆ ಹಳೇ ಪಟ್ಟಿ ಹುಡುಕಿದೆ. 'ಅರ್ಜಿ ಹಿಂಪಡೆಯಿರಿ' ಇನ್ನೂ ಅಲ್ಲೇ ಇತ್ತು. ಅದರ ಮುಂದೆ ನನ್ನ ಹೆಸರು ಹಾಕಿಕೊಂಡೆ. ಗುಟ್ಟಿನ ಚೀಟಿ ಇಟ್ಟೇ ಬರೆದಿದ್ದೇನೆ, ಸದ್ಯಕ್ಕೆ ಬೇರೆ ದಾರಿಯಿಲ್ಲ. ಆದರೆ ಬಟನ್ ಇದೆ. ಕೆಂಪು ಬಣ್ಣದ್ದು.