ನಡುಗೋಡೆ

ಮನೆ ಕಟ್ಟಿ ನೋಡೆಂದ ಹಿರಿಯರು ಒಂದೇ ಗೋಡೆಗೆ ಎರಡು ಮನೆಗಳನ್ನು ಆನಿಸಿ ನೋಡೆಂದು ಹೇಳಲಿಲ್ಲ. ಮೈಸೂರಿನ ಅಣ್ಣತಮ್ಮಂದಿರಿರ್ವರು 40 ಅಡಿ ಅಗಲ, 60 ಅಡಿ ಉದ್ದದ ನಿವೇಶನದಲ್ಲಿ ಜೋಡಿಮನೆ ಕಟ್ಟಲೆಳಸಿ, ವಾಸ್ತುಶಿಲ್ಪಿಯ ಸಂಭಾವನೆಗೆ ಅಂಜಿ, ನಕ್ಷೆಯನ್ನು ತಾವೇ ಬರೆದರು. ಪಾಯಕ್ಕೆ ಗೆರೆ ಹಾಕುವ ಮುನ್ನಾದಿನ ಅಣ್ಣನ ಹೆಂಡತಿ ಕೇಳಿದಳು: “ನಮ್ಮ ರುಬ್ಬುವ ಸದ್ದಿಗೂ ಮೈದುನನ ನಿದ್ರೆಗೂ ನಡುವೆ ಇರುವುದು 9 ಅಂಗುಲದ ಗೋಡೆಯೊಂದೇ ಅಲ್ಲವೇ?”

ಆಗಲೇ ವಾಸ್ತುಶಿಲ್ಪಿಗೆ ಕರೆ ಹೋಯಿತು. ಗೆರೆ ಬಿದ್ದ ಬಳಿಕ ಬಂದಿದ್ದರೆ ಆತನು ಬರಿಯ ವೈದ್ಯನಾಗುತ್ತಿದ್ದನು. ಮೂರೇ ಕಡೆ ಬೆಳಕು ದೊರೆಯುವ ಮನೆಗಳಾದುದರಿಂದ ಮೆಟ್ಟಿಲು, ಬಚ್ಚಲುಗಳನ್ನು ನಡುಗೋಡೆಯ ಇಕ್ಕೆಲಗಳಿಗೆ ತಂದು, ಮಲಗುವ ಕೋಣೆಗಳನ್ನು ಹೊರಬದಿಗೆ ಸರಿಸಿದನು. ನಡುಗೋಡೆಯ ದುರಸ್ತಿಗೆ ಕರಾರು ಬೇಕೆಂದನು. ಒಡಹುಟ್ಟಿದವರ ನಡುವೆ ಕಾಗದವೇಕೆಂದು ಅಣ್ಣನು ಮುನಿದನು. ತಮ್ಮನು ಮಾತಾಡದೆ ಲೇಖನಿಯನ್ನು ಅವನತ್ತ ಚಾಚಿದನು.