ಪರದೆಯ ದೈವ, ಮನೆಯ ಮಕ್ಕಳು

2022ರಲ್ಲಿ ತೆರೆಕಂಡ ರಿಷಬ್ ಶೆಟ್ಟಿಯವರ ‘ಕಾಂತಾರ’ದ ಕೊನೆಯಲ್ಲಿ ಗುಳಿಗನ ಕೂಗಿಗೆ ನನ್ನೆದೆ ನಡುಗಿತು, ಪಕ್ಕದ ಮನೆಯಾಕೆ ಕೈಮುಗಿದಳು. ಕರಾವಳಿಯ ಭೂತಕೋಲ ನಮ್ಮ ಗೊರೇಬಾಳದವರಿಗೆ ಹೊಸದು. ಆದರೆ ಮೈಮೇಲೆ ದೇವರು ಬರುವುದು ಹೊಸದೇ? ಮೊಹರಮ್ಮಿನಲ್ಲಿ ಅಲಾಯಿ ದೇವರು ಹಿಡಿದವರ ಕಾಲಿಗೆ ನಾವೂ ನೀರು ಹಾಕುತ್ತೇವಲ್ಲ!

ಆಮೇಲೆ ಓಣಿಯ ಹುಡುಗರೆಲ್ಲ ಗುಳಿಗನಂತೆ ಕೂಗಿ ಕುಣಿಯತೊಡಗಿದರು. ದೊಡ್ಡವರು ಚಪ್ಪಾಳೆ ತಟ್ಟಿದರು. ನಾನು ಮಗನನ್ನು ಕರೆದು, “ತಮ್ಮಾ, ನಮ್ಮ ಅಲಾಯಿ ದೇವ್ರನ್ನ ಯಾರರ ಹಿಂಗ ಅಣಕಿಸಿದ್ರ ಸುಮ್ನಿರ್ತೀಯೇನು?” ಅಂದೆ. ಹುಡುಗ ತಲೆ ತಗ್ಗಿಸಿದ.

2025ರಲ್ಲಿ ‘ಕಾಂತಾರ ಅಧ್ಯಾಯ 1’ ಬಂದಾಗ, ದೈವವನ್ನು ಅನುಕರಿಸಬೇಡಿರೆಂದು ಚಿತ್ರದವರೇ ಪ್ರೇಕ್ಷಕರನ್ನು ಬೇಡಿಕೊಂಡರು. ಸೋದರಿಯರೇ, ಸಿನಿಮಾ ನೋಡಿ ಅಂಜಲಿ, ಕೈಮುಗಿಯಲಿ. ಇನ್ನೊಬ್ಬರ ನಂಬಿಕೆ ಮಾತ್ರ ನಮ್ಮ ಮಕ್ಕಳ ಆಟದ ಸಾಮಾನಾಗಬಾರದು.